ಹೆಣ ನಡೆಸುವ ಬಳ್ಳಿ: ಕಥೆಗೊಂದು ಪಿಡುಗನ್ನು ಬೆಳೆಸುವುದು ಹೇಗೆ?

ಸತ್ತವರು ಎದ್ದು ನಡೆಯುವ ಕಥೆ ಬರೆಯಲು ಕುಳಿತವರು ಸಾಮಾನ್ಯವಾಗಿ ವೈರಸ್ಸಿನ ಮೊರೆ ಹೋಗುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ, ಹೇಗೆ ಕೆಲಸ ಮಾಡುತ್ತದೆಂದು ಯಾರೂ ಕೆದಕುವುದಿಲ್ಲ. ಗಿಡವನ್ನು ಖಳನನ್ನಾಗಿ ಮಾಡಿದರೆ ಹಾಗೆ ನುಣುಚಿಕೊಳ್ಳಲು ಬರುವುದಿಲ್ಲ. ಬೇರೆಲ್ಲಿ, ಎಲೆಯೆಲ್ಲಿ, ಬೀಜ ಹೇಗೆ ಹರಡಿತು ಎಂದು ಓದುಗ ಕೇಳಿಯೇ ಕೇಳುತ್ತಾನೆ. ಆದರೂ ನನ್ನ ಮತ ಗಿಡಕ್ಕೇ. ಬೇತಾಳ ಕೂಡ ಮರ ಬಿಟ್ಟಿರಲಾರದೆ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಜೋತುಬೀಳುತ್ತಿತ್ತಲ್ಲ!

ಹೊಸಬರ ಹಸ್ತಪ್ರತಿಗಳಲ್ಲಿ ನನಗೆ ಪದೇ ಪದೇ ಸಿಗುವ ತಪ್ಪು ಒಂದೇ. ಮೊದಲ ಪುಟದಲ್ಲಿ ಗಿಡವೊಂದು ಹೆಣವನ್ನು ಎಬ್ಬಿಸುತ್ತದೆ; ಸರಿ, ನಂಬಿದೆವು. ಮೂರನೆಯ ಪುಟದಲ್ಲಿ ಆ ಹೆಣ ಓಡುತ್ತದೆ, ಐದರಲ್ಲಿ ಮಾತನಾಡುತ್ತದೆ, ಹತ್ತರಲ್ಲಿ ಬೆಂಕಿಗೂ ಜಗ್ಗುವುದಿಲ್ಲ. ಅಷ್ಟು ಹೊತ್ತಿಗೆ ಓದುಗನಿಗೆ ಭಯ ಹೋಗಿ ಆಕಳಿಕೆ ಬಂದಿರುತ್ತದೆ. ಇಡೀ ಕಥೆಗೆ ಒಂದೇ ಸುಳ್ಳು ಸಾಕು. ಉಳಿದದ್ದನ್ನು ನಿಜವಾದ ಗಿಡಗಳಿಂದಲೇ ಎರವಲು ತನ್ನಿ.

ಹಂತ 1: ಸುಳ್ಳಿಗೆ ಜಾಗ ಗೊತ್ತುಮಾಡಿ

ಹೂಬಿಡುವ ಸಸ್ಯಗಳಲ್ಲಿ ಸುಮಾರು ನಾಲ್ಕೂವರೆ ಸಾವಿರ ಪ್ರಭೇದಗಳು ಪರಾವಲಂಬಿಗಳು. ಹೀರುಬೇರನ್ನು ಇನ್ನೊಂದು ಗಿಡದೊಳಗೆ ಇಳಿಸಿ ನೀರು, ಲವಣ, ಕೆಲವೊಮ್ಮೆ ಸಕ್ಕರೆಯನ್ನೂ ಕದಿಯುವುದು ಇವುಗಳ ಕಸುಬು. ಆದರೆ ಇವೆಲ್ಲ ಕದಿಯುವುದು ಜೀವಂತ ಆಸರೆಯಿಂದಲೇ. ಮರ ಸತ್ತರೆ ಅದರ ಮೇಲಿನ ಬಂದಳಿಕೆಯೂ ಸಾಯುತ್ತದೆ. ಕೊಳೆತ ಎಲೆ ತಿಂದು ಬದುಕುತ್ತವೆ ಎಂದು ಹಿಂದೆ ನಂಬಲಾಗಿದ್ದ, ಹಸಿರೇ ಇಲ್ಲದ ಬಿಳಿಚು ಗಿಡಗಳು ಕೂಡ ನಿಜಕ್ಕೂ ಮಣ್ಣಿನ ಶಿಲೀಂಧ್ರಗಳನ್ನು ದೋಚುತ್ತಿದ್ದವು. ಕೀಟಾಹಾರಿ ಗಿಡಗಳು ಹುಳುವನ್ನು ಕರಗಿಸಿಕೊಳ್ಳುತ್ತವೆ ನಿಜ, ಆದರೆ ಮುಖ್ಯವಾಗಿ ಸಾರಜನಕದಂಥ ಪೋಷಕಾಂಶಗಳಿಗಾಗಿ. ಹೊಟ್ಟೆಪಾಡಿಗೆ ಅವಕ್ಕೂ ಬಿಸಿಲೇ ಗತಿ.

ಹಾಗಾಗಿ ಹೆಣವನ್ನೇ ಆಸರೆಯಾಗಿಸಿಕೊಂಡ ಗಿಡ ಎನ್ನುವುದೇ ನಿಮ್ಮ ಸುಳ್ಳು. ಅದನ್ನು ಇಲ್ಲಿ ನೆಟ್ಟುಬಿಡಿ, ಮುಂದೆ ಎಲ್ಲಿಯೂ ಇನ್ನೊಂದನ್ನು ನೆಡಬೇಡಿ.

ಹಂತ 2: ಬೀಜವನ್ನು ಮಲಗಿಸಿ

ಪಿಡುಗನ್ನು ಆಕಾಶದಿಂದ ಉಲ್ಕೆಯಲ್ಲಿ ತರುವ ಅಗತ್ಯವಿಲ್ಲ. ಜೋಳ, ಮೆಕ್ಕೆಜೋಳಗಳ ಬೇರಿಗೆ ಅಂಟುವ ಸ್ಟ್ರೈಗಾ ಎಂಬ ಕಳೆಯನ್ನು ನೋಡಿ. ಬೀಜ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ದೊಡ್ಡದಲ್ಲ. ಒಂದೇ ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ. ಅವು ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ತೆಪ್ಪಗೆ ಬಿದ್ದಿರಬಲ್ಲವು. ಹತ್ತಿರದಲ್ಲಿ ತಕ್ಕ ಬೇರು ಬೆಳೆದು ಅದರಿಂದ ಒಸರುವ ರಾಸಾಯನಿಕ ತಾಗಿದಾಗಲೇ ಮೊಳೆಯುತ್ತವೆ. ಇಂಥ ಮೊದಲ ಸಂಕೇತ ವಸ್ತು ಸ್ಟ್ರೈಗಾಲ್ ಪತ್ತೆಯಾದದ್ದು 1966ರಲ್ಲಿ.

ನೀವು ಬದಲಿಸಬೇಕಾದದ್ದು ಆ ಸಂಕೇತವೊಂದನ್ನೇ. ಮಾಂಸ ಕೊಳೆಯುವಾಗ ಹೊಮ್ಮುವ ಕಡಾವರೀನ್, ಪುಟ್ರೆಸಿನ್ ಎಂಬ ವಸ್ತುಗಳು ಇವೆ. ಅವುಗಳ ಸುಳಿವು ಸಿಕ್ಕರೆ ಏಳುವ ಬೀಜ ಎಂದು ಬರೆಯಿರಿ. ಅಲ್ಲಿಗೆ ಪಿಡುಗು ಎಲ್ಲರ ಕಾಲಡಿಯ ಮಣ್ಣಿನಲ್ಲಿ ಮೊದಲಿನಿಂದಲೂ ಇತ್ತು ಎಂದಾಯಿತು. ಒಂದು ಯುದ್ಧವೋ ಭೂಕಂಪವೋ ಸಾಕು.

ಹಂತ 3: ಒಳಗೆ ಬಿಡಿ, ತೋರಿಸಬೇಡಿ

ಕಸ್ಕ್ಯೂಟ ಎಂಬ ಹಳದಿ ನೂಲಿನಂಥ ಬಳ್ಳಿಯನ್ನು ನಾನೊಮ್ಮೆ ಹೂಗಿಡದಿಂದ ಬಿಡಿಸಿ ತೆಗೆದಿದ್ದೆ. ಎರಡು ವಾರದ ಬಳಿಕ, ಕಾಂಡಕ್ಕೆ ಅಂಟಿ ಉಳಿದಿದ್ದ ಬೆರಳುಗುರಿನಷ್ಟು ತುಣುಕಿನಿಂದ ಮೂರು ಹೊಸ ಎಳೆಗಳು ಹೊರಟಿದ್ದವು. ಇದರ ಮೊಳಕೆ ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕುತ್ತಾ ಆಸರೆ ಹುಡುಕುತ್ತದೆ. ಅದು ಬರಿಯ ತಡಕಾಟವಲ್ಲ: ಟೊಮೆಟೊ ಗಿಡದ ವಾಸನೆ ಹಿಡಿದು ಆ ಕಡೆಗೇ ಬಾಗುತ್ತದೆ ಎಂದು 2006ರ ಪ್ರಯೋಗವೊಂದು ತೋರಿಸಿತು. ಅಂಟಿಕೊಂಡ ಮೇಲೆ ಸೂಕ್ಷ್ಮ ಆರ್‌ಎನ್‌ಎ ತುಣುಕುಗಳನ್ನು ಕಳಿಸಿ ಆಸರೆ ಗಿಡದ ಕೆಲವು ಜೀನ್‌ಗಳ ಬಾಯಿ ಮುಚ್ಚಿಸುತ್ತದೆ ಎಂಬುದು 2018ರಲ್ಲಿ ಗೊತ್ತಾಯಿತು.

ರಫ್ಲೇಸಿಯಾ ಇನ್ನೂ ಕಿಲಾಡಿ. ಇದಕ್ಕೆ ಬೇರಿಲ್ಲ, ಕಾಂಡವಿಲ್ಲ, ಎಲೆಯಿಲ್ಲ. ಕಾಡುಬಳ್ಳಿಯೊಂದರ ಒಡಲಿನಲ್ಲಿ ಬರಿಯ ಎಳೆಗಳಾಗಿ ಬದುಕಿ, ಹೂಬಿಡುವಾಗ ಮಾತ್ರ ಹೊರಬರುತ್ತದೆ. ಒಂದು ಪ್ರಭೇದದ ಹೂವು ಸುಮಾರು ಒಂದು ಮೀಟರ್ ಅಗಲ. ನೊಣಗಳನ್ನು ಕರೆಯಲು ಕೊಳೆತ ಮಾಂಸದ ನಾತ. ಹಾಗಾಗಿ ನಿಮ್ಮ ಹೆಣಗಳ ಮೈತುಂಬ ಹಸಿರು ಬಳ್ಳಿ ಸುತ್ತಿಸುವ ಆಸೆಯನ್ನು ಬಿಡಿ. ಹೊರಗೆ ಏನೂ ಕಾಣದಿರಲಿ. ಕಾಣುವ ದಿನ ಹೂವೇ ಕಾಣಲಿ.

ಹಂತ 4: ನಡೆಸಿ

ಹಸ್ತಪ್ರತಿಗಳು ಮುಗ್ಗರಿಸುವುದು ಇಲ್ಲಿಯೇ. ಗಿಡ ಮಿದುಳನ್ನು ವಶಪಡಿಸಿಕೊಂಡಿತು ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಸತ್ತ ಮಿದುಳನ್ನು ವಶಪಡಿಸಿಕೊಂಡು ಮಾಡುವುದೇನು? ಇರುವೆಗಳನ್ನು ಆಡಿಸುವ ಶಿಲೀಂಧ್ರದ ಉದಾಹರಣೆ ಕೊಡುವವರಿಗೆ ಎರಡು ಮಾತು: ಅದು ಆಡಿಸುವುದು ಬದುಕಿರುವ ಇರುವೆಯನ್ನು; ಅಲ್ಲದೆ ಅದು ಸ್ನಾಯುಗಳನ್ನು ಸುತ್ತುವರಿಯುತ್ತದೆಯೇ ಹೊರತು ಮಿದುಳಿನೊಳಗೆ ನುಗ್ಗುವುದಿಲ್ಲ ಎಂದು 2017ರಲ್ಲಿ ಕಂಡುಬಂದಿದೆ.

ಮನುಷ್ಯನ ಸ್ನಾಯುಗಳೂ ನಿಮ್ಮ ನೆರವಿಗೆ ಬಾರವು. ಸತ್ತ ಕೆಲವೇ ಗಂಟೆಗಳಲ್ಲಿ ಅವು ಸೆಟೆದುಕೊಳ್ಳುತ್ತವೆ. ಬಿಗಿತ ಬಿಡುವುದು ಒಂದೆರಡು ದಿನ ಕಳೆದ ಮೇಲೆ, ಅದೂ ಕೊಳೆಯಲು ಆರಂಭವಾದ್ದರಿಂದ. ಆದ್ದರಿಂದ ಹೆಣವನ್ನು ಮೂರನೆಯ ದಿನಕ್ಕಿಂತ ಮೊದಲು ಎಬ್ಬಿಸಬೇಡಿ. ಸ್ನಾಯುಗಳ ಆಸೆಯನ್ನಂತೂ ಪೂರ್ತಿ ಬಿಟ್ಟುಬಿಡಿ.

ಈಗ ಕಿಟಕಿಯ ಮೂಲೆಯಲ್ಲಿ ಸತ್ತುಬಿದ್ದ ಜೇಡವೊಂದನ್ನು ನೋಡಿ. ಎಂಟೂ ಕಾಲುಗಳು ಒಳಕ್ಕೆ ಮಡಚಿ ಮುಷ್ಟಿ ಕಟ್ಟಿರುತ್ತವೆ. ಜೇಡಕ್ಕೆ ಕಾಲು ಮಡಚಲು ಸ್ನಾಯುಗಳಿವೆ. ಚಾಚುವುದಕ್ಕೆ ಮುಖ್ಯವಾಗಿ ಮೈಯೊಳಗಿನ ದ್ರವದ ಒತ್ತಡವೇ ಆಧಾರ. ಸತ್ತಾಗ ಒತ್ತಡ ಇಳಿಯುತ್ತದೆ, ಕಾಲು ಮುದುಡುತ್ತದೆ. 2022ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಜೇಡಕ್ಕೆ ಸೂಜಿ ಚುಚ್ಚಿ ಗಾಳಿ ತುಂಬಿದರು. ಕಾಲುಗಳು ಬಿಚ್ಚಿಕೊಂಡವು. ಗಾಳಿ ತೆಗೆದಾಗ ಮುಚ್ಚಿಕೊಂಡು ಜೇಡಕ್ಕಿಂತ ಭಾರದ ವಸ್ತುವನ್ನೂ ಹಿಡಿದೆತ್ತಿದವು. ಹೆಣ ನಡೆಸುವ ಯಂತ್ರದ ನಕ್ಷೆ ನಿಮ್ಮ ಕೈಗೆ ಸಿಕ್ಕಿತು.

ಒತ್ತಡದ ಕೆಲಸದಲ್ಲಿ ಗಿಡಗಳನ್ನು ಮೀರಿಸುವವರಿಲ್ಲ. ಸಸ್ಯಕೋಶದೊಳಗಿನ ನೀರಿನ ಒತ್ತಡ ಕಾರಿನ ಟೈರಿನ ಗಾಳಿಯೊತ್ತಡದ ಎರಡು ಮೂರು ಪಟ್ಟು ಇರಬಲ್ಲದು. ಮುಟ್ಟಿದರೆ ಮುನಿ ಮುದುಡುವುದು ಎಲೆಯ ಬುಡದಲ್ಲಿರುವ ಉಬ್ಬಿನ ಕೋಶಗಳು ಥಟ್ಟನೆ ನೀರು ಬಿಟ್ಟುಕೊಡುವುದರಿಂದ. ಅಂಥ ಉಬ್ಬುಗಳನ್ನು ಹೆಣದ ಮೊಣಕಾಲು, ಸೊಂಟ, ಬೆರಳಗಿಣ್ಣುಗಳಲ್ಲಿ ಬೆಳೆಸಿ. ಮಡಚಲು ಸುರುಳಿ ಸುತ್ತುವ ಕುಡಿಬಳ್ಳಿಗಳನ್ನು ಇಡಿ.

ಹೀಗೆ ಕಟ್ಟಿದ ಕೂಡಲೇ ಕಥೆ ತಾನಾಗಿ ನಿಯಮಗಳನ್ನು ಕೊಡತೊಡಗುತ್ತದೆ. ಮುದುಡಿದ ಬೆರಳನ್ನು ಮತ್ತೆ ಬಿಡಿಸಲು ನಿಮಿಷಗಳೇ ಹಿಡಿಯುತ್ತವೆ, ಹಾಗಾಗಿ ಓಟದ ಮಾತೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಗಿಡ ಬಾಡುವಂತೆ ಹೆಣವೂ ನಿಂತಲ್ಲೇ ಜೋಲುತ್ತದೆ. ಬೆಳಗಿನ ಜಾವ ನೀರು ತುಂಬಿಕೊಂಡಾಗ ಬೆನ್ನು ನೆಟ್ಟಗಾಗುತ್ತದೆ. ಮಳೆ ಸುರಿದು ನಿಂತ ಮುಂಜಾನೆ, ಎಲ್ಲರೂ ಬಾಗಿಲು ತೆರೆಯುವ ಹೊತ್ತಿನಲ್ಲಿ, ಅಂಗಳದಲ್ಲಿ ಮಲಗಿಸಿದ್ದ ಕೈಯ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವ ಸದ್ದನ್ನು ಬರೆಯಿರಿ.

ಹಂತ 5: ಅನ್ನದ ಲೆಕ್ಕ ಹಾಕಿ

ಹಸಿರು ಚರ್ಮದಿಂದ ಹೊಟ್ಟೆ ತುಂಬುವುದಿಲ್ಲ. ಎಲೆಯ ಒಂದು ಚದರ ಮೀಟರ್ ದಿನದ ಸರಾಸರಿಯಲ್ಲಿ ಕೂಡಿಡುವ ಶಕ್ತಿ ಎರಡು ಮೂರು ವಾಟ್ ಅಷ್ಟೇ. ಬದುಕಿರುವ ಮನುಷ್ಯನಿಗೆ ಬೇಕಾದದ್ದು ನೂರರ ಆಸುಪಾಸು. ಹೆಣದ ಕೊಬ್ಬನ್ನು ಬಳಸಿ. ಎಣ್ಣೆಬೀಜ ಮೊಳೆಯುವಾಗ ತನ್ನ ಕೊಬ್ಬನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ, ನಿಮ್ಮ ಬಳ್ಳಿಯೂ ಅದನ್ನೇ ಮಾಡಲಿ. ಹತ್ತು ಕಿಲೋ ಕೊಬ್ಬೆಂದರೆ ಸುಮಾರು 77,000 ಕಿಲೋ ಕ್ಯಾಲೊರಿ; ದಿನಕ್ಕೆ ಎರಡು ಸಾವಿರದಂತೆ ಖರ್ಚಾದರೂ ಮೂವತ್ತೆಂಟು ದಿನ. ಮೈ ಬಿಸಿಯಿಡುವ ಖರ್ಚಿಲ್ಲದ್ದರಿಂದ ಇನ್ನೂ ಎಳೆಯಬಹುದು. ಕೊಬ್ಬು ಮುಗಿಯುವ ಹೊತ್ತಿಗೆ ಹೂವು. ದಪ್ಪಗಿದ್ದವರು ಹೆಚ್ಚು ದಿನ ನಡೆಯುತ್ತಾರೆ ಎನ್ನುವ ಕ್ರೂರ ವಿವರವೂ ಉಚಿತವಾಗಿ ಸಿಕ್ಕಿತು.

ಹಂತ 6: ಹರಡಿ, ಆಮೇಲೆ ತಡೆಯಿರಿ

ಹರಡುವುದು ಸುಲಭ. ಕುಬ್ಜ ಬಂದಳಿಕೆಯ ಹಣ್ಣು ಸಿಡಿದಾಗ ಬೀಜ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಹಾರಿ, ತಾಗಿದಲ್ಲಿ ಅಂಟಿಕೊಳ್ಳುತ್ತದೆ. ಕಚ್ಚುವ ಹೆಣಗಳನ್ನು ಓದಿ ಸಾಕಾಗಿದೆ, ಹೂವು ಹಣ್ಣಾಗಿ ಸಿಡಿದರೆ ಆಯಿತು.

ತಡೆಯಲು ಕೊಡಲಿ, ಬೆಂಕಿಗಳ ಬದಲು ಮೋಸವನ್ನು ಬಳಸಿ. ಅಮೆರಿಕದ ಕೆರೊಲಿನಾ ರಾಜ್ಯಗಳಲ್ಲಿ 1956ರಲ್ಲಿ ಸ್ಟ್ರೈಗಾ ಕಾಣಿಸಿಕೊಂಡಾಗ ಅಲ್ಲಿ ಮಾಡಿದ ಉಪಾಯಗಳಲ್ಲಿ ಒಂದು, ಮಣ್ಣಿಗೆ ಎಥಿಲೀನ್ ಅನಿಲ ಹಾಯಿಸುವುದು. ಅನಿಲ ತಾಗಿದ ಬೀಜಗಳು ಆಸರೆ ಬಂತೆಂದು ಮೊಳೆತವು. ಬೇರು ಸಿಗದೆ ಸತ್ತವು. ನಿಮ್ಮ ಊರಿನವರೂ ಹೆಣವಿಲ್ಲದ ಹೊಲಗಳಿಗೆ ಹೆಣದ ವಾಸನೆ ಉಣಿಸಲಿ. ಕೆರೊಲಿನಾಗಳಲ್ಲಿ ಆ ಹೋರಾಟ ಹಲವು ದಶಕ ನಡೆಯಿತು. ನಿಮ್ಮ ಕಥೆಯಲ್ಲಿಯೂ ನಾಯಕಿಗೆ ಕೊನೆಯ ಅಧ್ಯಾಯದಲ್ಲಿ ವಯಸ್ಸಾಗಿರಲಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಟ್ರ್ಯಾಕ್ಟರಿನ ಹಿಂದೆ ನಾರುವ ಪೀಪಾಯಿ ಎಳೆಯುತ್ತಾ, ಈ ವರ್ಷವೂ ಅದೇ ಹೊಲಕ್ಕೆ ಹೊರಟಿರಲಿ. ಮರುದಿನ ಬೆಳಿಗ್ಗೆ ಮಣ್ಣಿನ ತುಂಬ ಕೂದಲೆಳೆಯಂಥ ಬಿಳಿ ಮೊಳಕೆಗಳು ಗಾಳಿಯಲ್ಲಿ ಸುತ್ತು ಹಾಕುತ್ತಾ ಹುಡುಕುತ್ತಿರುತ್ತವೆ. ಅವು ಒಣಗುವವರೆಗೆ ಅವಳು ಬದುವಿನ ಮೇಲೆ ಕುಳಿತು ಎಣಿಸುತ್ತಾಳೆ.