ಎಫ್40ರಲ್ಲಿ ತಿರುವಿನಿಂದ ಹೊರಬರುವುದು ಹೀಗೆ

ಟರ್ಬೊ (ಎಂಜಿನ್ ಹೊಗೆಯ ಬಲದಿಂದ ಅದಕ್ಕೇ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಕಾರು ಕಲಿಸುವಾಗ ನಾನು ಮೊದಲು ಹೇಳುವುದು ಇಷ್ಟೇ: ಶಕ್ತಿ ನೀವು ಕೇಳಿದ ತಕ್ಷಣ ಬರುವುದಿಲ್ಲ. 1987ರ ಫೆರಾರಿ ಎಫ್40 ನೋಡಿ. 2.9 ಲೀಟರ್ ವಿ8, ಎರಡು ಟರ್ಬೊ, 478 ಅಶ್ವಶಕ್ತಿ. ಅಷ್ಟೂ ಹಿಂದಿನ ಎರಡೇ ಚಕ್ರಗಳಿಗೆ. ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ, ಶಕ್ತಿ ಹೆಚ್ಚಾಗಿ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ.

ಟ್ರ್ಯಾಕಿನಲ್ಲಿ, ಟೈರ್ ಬಿಸಿಯಾದ ಮೇಲೆ ಶುರು ಮಾಡಿ. ಬ್ರೇಕ್ ಹಾಕುವುದನ್ನು ನೇರ ದಾರಿಯಲ್ಲೇ ಮುಗಿಸಿ. ಗೇರ್ ಇಳಿಸಿ, ಎಂಜಿನ್ 4,000 ಆರ್‌ಪಿಎಂ ಹತ್ತಿರ ಇರಲಿ. ಗರಿಷ್ಠ 577 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಸಿಗುವುದು ಅಲ್ಲೇ. ತಿರುವಿನ ನಡುವೆ ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ ಹಿಡಿಯಿರಿ. ಹೊಗೆ ಟರ್ಬೈನನ್ನು ತಿರುಗಿಸಬೇಕು, ಗಾಳಿಯ ಒತ್ತಡ ಏರಬೇಕು. ಅದಕ್ಕೆ ಹೊತ್ತು ಬೇಕು ಅಲ್ವಾ? ಏನೂ ಆಗಲಿಲ್ಲ ಎಂದು ಸುಮ್ನೆ ಜಾಸ್ತಿ ಒತ್ತಬೇಡಿ. ನನ್ನ ಬಳಿ ಬಂದವರು ಎಡವುವುದು ಇಲ್ಲೇ. ಸ್ಟೀರಿಂಗ್ ಇನ್ನೂ ತಿರುಗಿರುವಾಗ ಬೂಸ್ಟ್, ಅಂದರೆ ಆ ಗಾಳಿಯ ಒತ್ತಡ, ಒಮ್ಮೆಲೇ ಬಂದರೆ ಹಿಂಭಾಗ ಜಾರುತ್ತದೆ. ಗಾಬರಿಯಿಂದ ಕಾಲು ಪೂರ್ತಿ ತೆಗೆದರೆ ಕಾರು ಗಿರಕಿ ಹೊಡೆಯಬಹುದು. ಸ್ಟೀರಿಂಗ್ ನೇರವಾಗುತ್ತಾ ಬಂದಂತೆ ಕಾಲನ್ನು ಒತ್ತುತ್ತಾ ಹೋಗಿ.

ಬುಗಾಟಿ ಶಿರಾನ್‌ನದು ಬೇರೆ ದಾರಿ. 1,500 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ. ಮೊದಲು ಎರಡು ಟರ್ಬೊ, ಸುಮಾರು 3,800 ಆರ್‌ಪಿಎಂ ದಾಟಿದ ಮೇಲೆ ಇನ್ನೆರಡು. ಆದರೂ ಕಾಲಿಗೆ ಪಾಠ ಆಗಬೇಕೆಂದರೆ ನಾನು ಎಫ್40ನ್ನೇ ಆರಿಸುತ್ತೇನೆ.