ನಕ್ಷತ್ರಗುಚ್ಛಗಳ ತವರು ಹುಡುಕಿದ ನನ್ನ ಅನುಭವ

ಕ್ಷೀರಪಥದಲ್ಲಿ 150ಕ್ಕೂ ಹೆಚ್ಚು ಗೋಳಾಕಾರದ ನಕ್ಷತ್ರಗುಚ್ಛಗಳಿವೆ, ಅಂದರೆ ಗುರುತ್ವದಿಂದ ಚೆಂಡಿನಂತೆ ಒತ್ತಾಗಿ ಕೂಡಿದ ನಕ್ಷತ್ರಗಳ ಗುಂಪುಗಳು. ಇವುಗಳಲ್ಲಿ ಇಲ್ಲೇ ಹುಟ್ಟಿದವು ಯಾವುವು, ಕುಬ್ಜ (ತೀರಾ ಚಿಕ್ಕ) ಗ್ಯಾಲಕ್ಸಿಗಳ ಜೊತೆ ಬಂದು ಸೇರಿದವು ಯಾವುವು? ಸುಮ್ನೆ ಓದಿ ನಂಬುವ ಬದಲು ನಾನೇ ಕೂತು ನೋಡಿದೆ. ಪ್ರಕಟವಾದ ಪಟ್ಟಿಗಳಿಂದ ಗುಚ್ಛಗಳ ವಯಸ್ಸು, ಲೋಹಾಂಶ (ಹೈಡ್ರೋಜನ್, ಹೀಲಿಯಂಗಿಂತ ಭಾರವಾದ ಧಾತುಗಳ ಪಾಲು) ತೆಗೆದುಕೊಂಡು ಒಂದು ಗ್ರಾಫ್ ಹಾಕಿದೆ. ಚುಕ್ಕಿಗಳು ಎರಡು ಕವಲಾಗಿ ನಿಂತವು.

ಅದರಲ್ಲಿ ಎರಡೇ ಚುಕ್ಕಿ ನೋಡಿ ಸಾಕು: 47 ಟುಕಾನೆ ಮತ್ತು ಟೆರ್ಜಾನ್ 7. ಲೋಹಾಂಶ ಹತ್ತಿರ ಹತ್ತಿರ, ಸೂರ್ಯನ ಕಾಲು ಭಾಗ ಅಥವಾ ಸ್ವಲ್ಪ ಕಡಿಮೆ. ವಯಸ್ಸು ಮಾತ್ರ 47 ಟುಕಾನೆಗೆ ಸುಮಾರು 1,200 ಕೋಟಿ ವರ್ಷ, ಟೆರ್ಜಾನ್ 7ಕ್ಕೆ 800 ಕೋಟಿಯ ಆಸುಪಾಸು. ಯಾಕೆ ಹೀಗೆ? ಲೋಹ ತಯಾರಾಗುವುದು ನಕ್ಷತ್ರಗಳಲ್ಲಿ. ಅವು ಸಿಡಿದಾಗ ಅದು ಸುತ್ತಲಿನ ಅನಿಲಕ್ಕೆ ಬೆರೆಯುತ್ತದೆ. ದೊಡ್ಡ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಬೇಗ ಹುಟ್ಟುತ್ತವೆ, ಗುರುತ್ವ ಅನಿಲವನ್ನು ಬಿಟ್ಟುಕೊಡುವುದಿಲ್ಲ. ಚಿಕ್ಕದರಲ್ಲಿ ಕೆಲಸ ನಿಧಾನ, ಅನಿಲವೂ ಸೋರಿಹೋಗುತ್ತದೆ. ಅಷ್ಟೇ ಲೋಹ ಕೂಡಲು ನೂರಾರು ಕೋಟಿ ವರ್ಷ ಜಾಸ್ತಿ ಬೇಕು. ಅಂದರೆ ಟೆರ್ಜಾನ್ 7 ಇಲ್ಲಿಯದ್ದಲ್ಲ.

ಅದರ ತವರು 1994ರಲ್ಲಿ ಪತ್ತೆಯಾದ ಧನು ಕುಬ್ಜ ಗ್ಯಾಲಕ್ಸಿ. ನಡುವೆ ಎಂ54 ಗುಚ್ಛವಿದೆ. ಗಾಯಾ ಎಂಬ ಬಾಹ್ಯಾಕಾಶ ದೂರದರ್ಶಕದ ಅಳತೆಗಳಲ್ಲಿ ಎಂ54, ಟೆರ್ಜಾನ್ 7, ಟೆರ್ಜಾನ್ 8, ಆರ್ಪ್ 2 ನಾಲ್ಕನ್ನೂ ಹೋಲಿಸಿದೆ. ಎಲ್ಲವೂ ಆಕಾಶದಲ್ಲಿ ವರ್ಷಕ್ಕೆ ಸುಮಾರು 3 ಮಿಲಿ ಆರ್ಕ್‌ಸೆಕೆಂಡ್ (ಕೋನದ ತೀರಾ ಸಣ್ಣ ಅಳತೆ), ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಸರಿಯುತ್ತಿವೆ! ಕ್ಷೀರಪಥದ ಹೊರವಲಯ ಹೀಗೆ ತುಂಡು ತುಂಡಾಗಿ ಕೂಡಿತು ಅಂತ ಖಗೋಳವಿಜ್ಞಾನಿಗಳಾದ ಸರ್ಲ್ ಮತ್ತು ಜಿನ್ 1978ರಲ್ಲೇ ವಾದಿಸಿದ್ದರು.

ನನ್ನನ್ನು ಹೆಚ್ಚು ಕಾಡಿದ್ದು ಫಾರ್ನಾಕ್ಸ್ ಕುಬ್ಜ ಗ್ಯಾಲಕ್ಸಿ. ಅದರ ಹಳೆಯ ಗುಚ್ಛಗಳು ಇನ್ನೂ ತವರಲ್ಲೇ ಇವೆ. ಅಲ್ಲಿನ ಅತಿ ಕಡಿಮೆ ಲೋಹದ ನಕ್ಷತ್ರಗಳಲ್ಲಿ ಐದರಲ್ಲೊಂದು ಪಾಲು, ಅಥವಾ ಅದಕ್ಕೂ ಜಾಸ್ತಿ, ಗುಚ್ಛಗಳಲ್ಲೇ ಇದೆ. ಕ್ಷೀರಪಥದ ಹೊರವಲಯದಲ್ಲಿ ಅಂಥ ನಕ್ಷತ್ರಗಳಲ್ಲಿ ಗುಚ್ಛಗಳ ಪಾಲು ಸುಮಾರು ಶೇ. 2. ಹಾಗಾದರೆ ಬರೀ ಫಾರ್ನಾಕ್ಸ್‌ನಂಥವುಗಳನ್ನು ಕೂಡಿಸಿದರೆ ನಮ್ಮ ಹೊರವಲಯ ಆಗುವುದಿಲ್ಲ, ಅಲ್ವಾ? ಒಂದೋ ಗುಚ್ಛಗಳು ಭಾರಿ ಪ್ರಮಾಣದಲ್ಲಿ ಕರಗಿ ನಕ್ಷತ್ರಗಳು ಚದುರಿರಬೇಕು, ಇಲ್ಲವೇ ಬಂದು ಸೇರಿದ್ದರಲ್ಲಿ ಗುಚ್ಛಗಳ ಪಾಲು ಕಡಿಮೆಯಿರುವ ದೊಡ್ಡ ಗ್ಯಾಲಕ್ಸಿಗಳದ್ದೇ ಮೇಲುಗೈ. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಸುಮಾರು 1,000 ಕೋಟಿ ವರ್ಷ ಹಿಂದಿನ ಅಂಥ ಒಂದು ದೊಡ್ಡ ವಿಲೀನದ ಗುರುತು 2018ರಲ್ಲಿ ಗಾಯಾ ಮಾಹಿತಿಯಲ್ಲಿ ಸಿಕ್ಕಿದೆ.

ನೀವೂ ಈ ಗ್ರಾಫ್ ಹಾಕುವುದಾದರೆ ಲೋಹ ತೀರಾ ಕಡಿಮೆ ಇರುವ ತುದಿಯಲ್ಲಿ ಹುಷಾರು. ಅಲ್ಲಿ ಎರಡೂ ಕವಲು ಕೂಡಿಕೊಳ್ಳುತ್ತವೆ. ವಯಸ್ಸಿನ ಅಂದಾಜು 100 ಕೋಟಿ ವರ್ಷ ಆಚೀಚೆ ಆಗಬಹುದು. ಆ ಜಾಗದಲ್ಲಿ ಚಲನೆಯನ್ನೇ ನೋಡಿ.