ಬೆಟ್ಟದ ಬೆಂಕಿ ತಡೆದೆವು, ಮನೆಗೆ ರೇಟು ಬಂತು

ಶಿರಸಿ ಕಡೆ ಬೆಟ್ಟದಂಚಿನ ಮನೆ ಮಾರಿದವರಿಗೆ ಗೊತ್ತು. ಬೇಸಿಗೆಯಲ್ಲಿ ಬಂದ ಗಿರಾಕಿ ಮೊದಲು ನೋಡುವುದು ಹಿಂದಿನ ಸುಟ್ಟ ಗುಡ್ಡವನ್ನು. ಆಮೇಲೆ ಚೌಕಾಸಿ. ನಮ್ಮ ಎಂಟು ಮನೆಯ ಕೇರಿಯಲ್ಲಿ ನಾನು ಕಟ್ಟಿಸಿದ ಹಂಚಿನ ಮನೆಗೆ 38 ಲಕ್ಷ ಹೇಳಿದರೆ 30ಕ್ಕೆ ಕೇಳುತ್ತಿದ್ದರು. ಅದೇ ಮನೆ ಕೊನೆಗೆ 41ರ ಆಸುಪಾಸಿಗೆ ಹೋಯಿತು. ಒಂದು ಕೋಣೆಯನ್ನೂ ಸೇರಿಸಿಲ್ಲ, ರಸ್ತೆಯೂ ಅದೇ ಮಣ್ಣು ರಸ್ತೆ. ಸುತ್ತಮುತ್ತ ರೇಟು ಸ್ವಲ್ಪ ಏರಿದ್ದು ಹೌದು. ಆದರೆ ಮೇಲಿನ ಕೇರಿಯ ಅಂಥದ್ದೇ ಮನೆ ಇನ್ನೂ 33ರಲ್ಲೇ ನಿಂತಿದೆ.

ಬೆಂಕಿ ತಡೆಯುವ ಕೆಲಸ ಮೊದಲು ಆ ಒಂದು ಮನೆಗಷ್ಟೇ ಮಾಡಿದ್ದೆ. ಸುತ್ತ ಕೆರೆಸಿ, ಹಂಚಿನ ಸಂದು ಮುಚ್ಚಿಸಿ, ಕಿಡಿ ಒಳಗೆ ಹೋಗದಂತೆ ಮಾಡಿನ ಅಂಚಿಗೆ ಸಣ್ಣ ಕಣ್ಣಿನ ಮೆಶ್ ಹಾಕಿಸಿದೆ. 40 ಸಾವಿರದಷ್ಟು ಹೋಯಿತು. ಗಿರಾಕಿ ಬಂದವನು ಪಕ್ಕದ ಮನೆಯ ಸೋಗೆ ಕೊಟ್ಟಿಗೆ, ಅದಕ್ಕೆ ತಾಗಿದ ಹುಲ್ಲಿನ ಗೊಣಬೆ ನೋಡಿ, "ಅದಕ್ಕೆ ಹತ್ತಿದರೆ ಇದು ಉಳೀತದಾ?" ಎಂದ. ರೇಟು ಒಂದು ರೂಪಾಯಿ ಏರಲಿಲ್ಲ.

ಹಾಗಾಗಿ ಇಡೀ ಕೇರಿಗೇ ಮಾಡಬೇಕು ಅಂತ ಹಟ ಹಿಡಿದೆ. "ದರಕು (ಉದುರಿದ ಒಣ ಎಲೆ) ಗುಡಿಸಿದ್ರೆ ಮನೆಗೆ ರೇಟು ಬರ್ತದಾ ಭಾವ?" ಅಂತ ಕೇಳಿದವರೇ ಎಲ್ಲ. ನಾನು ಕ್ಯಾಲಿಫೋರ್ನಿಯಾದ ಉದಾಹರಣೆ ಕೊಟ್ಟೆ. ಅಲ್ಲಿ ಎಸ್ಕಾಂಡಿಡೊ ಎಂಬಲ್ಲಿ ಡಿಕ್ಸನ್ ಟ್ರೇಲ್ ಅಂತ 64 ಮನೆಗಳ ಬಡಾವಣೆ ಇದೆ. ಇಡೀ ಬಡಾವಣೆಯನ್ನೇ ಬೆಂಕಿಗೆ ತಡೆಯುವಂತೆ ಯೋಜಿಸಿದ್ದಾರೆ. ಗೋಡೆಯಿಂದ ಐದು ಅಡಿ ಉರಿಯುವ ವಸ್ತು ಇರಬಾರದು, ಮನೆ ಮನೆಗೆ ಕನಿಷ್ಠ ಹತ್ತು ಅಡಿ ಅಂತರ, ಬೇಲಿಯೂ ಲೋಹದ್ದು. ಅಲ್ಲಿ ವಿಮೆ ಇಲ್ಲದ ಮನೆಗೆ ಬ್ಯಾಂಕ್ ಸಾಲ ಹುಟ್ಟುವುದು ಕಷ್ಟ, ಸಾಲವಿಲ್ಲದಿದ್ದರೆ ಕೊಳ್ಳುವವರು ಕಡಿಮೆ. ನಮ್ಮಲ್ಲಿ ವಿಮೆ ಯಾರು ಕೇಳುತ್ತಾರೆ? ಇಲ್ಲಿ ರೇಟು ಇಳಿಸುವುದು ಗಿರಾಕಿಯ ಹೆದರಿಕೆ.

ಕೊನೆಗೆ ಎಂಟೂ ಮನೆಯವರು ಒಪ್ಪಿದರು. ಒಟ್ಟು ಎರಡೂವರೆ ಲಕ್ಷದಷ್ಟು ಖರ್ಚು. ಗೋಡೆಯ ಸುತ್ತ ಐದು ಅಡಿ ಚಿರೆಕಲ್ಲಿನ ಚೂರು ಹಾಸಿದೆವು. ಗೊಣಬೆ, ಕಟ್ಟಿಗೆ, ಅಡಿಕೆ ಸಿಪ್ಪೆ ಎಲ್ಲ ಗದ್ದೆ ಅಂಚಿಗೆ ಹೋಯಿತು. ಹಿರಿಯರಿಗೆ ಇದೇ ದೊಡ್ಡ ಕಿರಿಕಿರಿ. ಮಳೆಗಾಲದಲ್ಲಿ ಅಷ್ಟು ದೂರ ಹೋಗಿ ಹುಲ್ಲು ತರುವುದು ಸುಲಭ ಅಲ್ಲ, ಅಲ್ವಾ? ಮಳೆ ಹಿಡಿದ ಮೇಲೆ ಹತ್ತಿರ ತಂದುಕೊಳ್ಳಿ ಅಂದ ಮೇಲೆ ಒಪ್ಪಿದರು.

ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಬೆಟ್ಟದಂಚಿಗೆ ಗುಡಿಸಿಟ್ಟ ಪಟ್ಟಿ, ಮಾತ್ರ ಮೊದಲ ವರ್ಷ ಪೂರ್ತಿ ಕೈಕೊಟ್ಟಿತು. ಡಿಸೆಂಬರಿನಲ್ಲಿ ಚೊಕ್ಕ ಮಾಡಿದ ಜಾಗ ಫೆಬ್ರವರಿಗೆ ಮತ್ತೆ ಮೊಣಕಾಲೆತ್ತರ ದರಕು. ಮತ್ತಿ, ಸಾಗುವಾನಿ ಎಲೆ ಉದುರುವುದೇ ಆವಾಗ. ಬೆಂಕಿ ಕೆಳಗಿನ ಇಳಿಜಾರಿನಿಂದ ಓಡಿ ಬಂದು ರೇಖೆ ದಾಟಿ ಹೋಯಿತು. ಮನೆಗಳು ಉಳಿದವು, ಎರಡು ಸಾಲು ಬಾಳೆ ಹೋಯಿತು. ಈಗ ಮೂರು ಸಲ ಗುಡಿಸುತ್ತೇವೆ, ಇಳಿಜಾರಿನ ಕೆಳಬದಿಗೆ ರೇಖೆ ಎರಡು ಪಟ್ಟು ಅಗಲ. ಯಾವ ವಾರ ಗುಡಿಸಬೇಕು ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ. ಬೆಟ್ಟದಲ್ಲಿ ಒಂದು ಮರ ಕಡಿದಿಲ್ಲ, ಬರೀ ದರಕು. ಅದನ್ನು ಕೊಟ್ಟಿಗೆ ಗೊಬ್ಬರಕ್ಕೆ ತೋಟದವರು ಪಿಕಪ್ಪಿಗೆ ಸಾವಿರ, ಸಾವಿರದಿನ್ನೂರು ಕೊಟ್ಟು ಒಯ್ಯುತ್ತಾರೆ. ಕೂಲಿಯ ಅರ್ಧ ಅದರಲ್ಲೇ ಹುಟ್ಟುತ್ತದೆ.

ನಡುವೆ ರೇಖೆಯ ಅಂಚಿಗೆ ಕತ್ತಾಳೆ ನೆಟ್ಟೆ. ದನ ಮುಟ್ಟಲಿಲ್ಲ, ಆದರೆ ಬುಡದಲ್ಲಿ ಒಣ ಎಲೆ ಸಿಕ್ಕಿಕೊಂಡು ಗುಡಿಸುವುದೇ ಕಷ್ಟವಾಯಿತು. ಕಿತ್ತು ಮುರುಗಲು (ಕೋಕಂ) ಗಿಡ ಹಾಕಿದೆ, ಚೆನ್ನಾಗಿ ಬರುತ್ತಿದೆ. ಮಾಡಿನ ಮೇಲೆ ಸ್ಪ್ರಿಂಕ್ಲರ್ ಕೂರಿಸಿದ್ದು ಸುಮ್ನೆ ದುಡ್ಡು ದಂಡ. ಬೆಂಕಿ ಬಿದ್ದ ಹೊತ್ತಿಗೆ ಕರೆಂಟೇ ಇರಲಿಲ್ಲ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪೇ ಜಾಸ್ತಿ ಉಪಯೋಗಕ್ಕೆ ಬಂತು.

ರೇಟು ಏರಿಸಿದ್ದು ಮಾತ್ರ ಒಂದು ಕಾಗದ. ವರ್ಷಕ್ಕೆ ಮನೆಗೆ ಮೂರು ಸಾವಿರ, ಯಾರು ಯಾವ ಬದಿ ನೋಡಿಕೊಳ್ಳಬೇಕು, ಮನೆ ಮಾರಿದರೆ ಹೊಸಬರೂ ಕೊಡಬೇಕು ಅಂತ ಸ್ಟ್ಯಾಂಪ್ ಪೇಪರಿನ ಮೇಲೆ ಎಂಟೂ ಮನೆಯವರ ಸಹಿ. ಕೊಂಡವರು ಮೆಶ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಆ ಕಾಗದ ಎರಡು ಸಲ ಓದಿ ಅಡ್ವಾನ್ಸ್ ಕೊಟ್ಟರು. ಮೇಲಿನ ಕೇರಿಯವರು ಈಗ ಅದರ ಪ್ರತಿ ಕೇಳಿದ್ದಾರೆ. ಅವರ ಹಿಂದೆ ಪೂರ್ತಿ ಅಕೇಶಿಯಾ, ಅಲ್ಲಿಗೆ ರೇಖೆ ಇನ್ನೂ ಅಗಲ ಬೇಕು, ಮನೆಗೆ ನಾಲ್ಕು ಸಾವಿರಕ್ಕೆ ಕಡಿಮೆ ಆಗುವುದಿಲ್ಲ.